ಕಾಗದದ ಮೇಲೆ ಕಡಲ ಬೆಳಕು: ಜಪಾನಿನ ಮರದಚ್ಚು ಚಿತ್ರಗಳು



ನಾನು ನಿಮಗೆ ಪಾಠ ಮಾಡುವುದು ರಸಾಯನಶಾಸ್ತ್ರ. ಆದರೂ ಈ ಸಂಚಿಕೆಯ ಅಭ್ಯಾಸ ಲೇಖನಕ್ಕೆ ಜಪಾನಿನ ಮರದಚ್ಚು ಚಿತ್ರಗಳನ್ನು ಆರಿಸಿಕೊಂಡಿದ್ದೇನೆ. ಇದಕ್ಕೆ ಎರಡು ಕಾರಣಗಳಿವೆ. ಮೊದಲನೆಯದು, ಈ ಚಿತ್ರಗಳಲ್ಲಿ ಕಾಣುವ ಕಡಲು ಮತ್ತು ಬೆಳಕನ್ನು ಅರ್ಥ ಮಾಡಿಕೊಳ್ಳಲು ನೀವು ಪ್ರಥಮ ಪಿಯುಸಿಯಲ್ಲಿ ಓದುವ ರಸಾಯನಶಾಸ್ತ್ರವೂ ಭೌತಶಾಸ್ತ್ರವೂ ನೇರವಾಗಿ ಉಪಯೋಗಕ್ಕೆ ಬರುತ್ತವೆ. ಎರಡನೆಯದು, ಈ ಚಿತ್ರಗಳ ಬೆಳಕನ್ನು ಮಾಡಿದವರು ಯಾರು ಎಂಬ ಪ್ರಶ್ನೆ. ಅದರ ಉತ್ತರ ನಮ್ಮ ಭಾಗದ ಮಕ್ಕಳು ತಿಳಿದಿರಬೇಕಾದದ್ದು ಎಂದು ನನಗನ್ನಿಸುತ್ತದೆ.

ನಮ್ಮ ಅಫಜಲಪುರ ತಾಲ್ಲೂಕಿನಿಂದ ಕಡಲು 300 ಕಿಲೋಮೀಟರಿಗೂ ಹೆಚ್ಚು ದೂರ. ನಿಮ್ಮಲ್ಲಿ ಹಲವರು ಕಡಲನ್ನು ನೋಡಿಲ್ಲ. ಅದರಿಂದ ಈ ಪಾಠಕ್ಕೆ ಏನೂ ತೊಂದರೆಯಿಲ್ಲ. ಬೆಳಕನ್ನು ಎಲ್ಲರೂ ನೋಡಿದ್ದೇವೆ.

1. ಮರದಚ್ಚು ಚಿತ್ರ ಎಂದರೇನು?

ಮರದ ಹಲಗೆಯ ಮೇಲೆ ಚಿತ್ರವನ್ನು ಕೆತ್ತಿ, ಅದಕ್ಕೆ ಬಣ್ಣ ಹಚ್ಚಿ, ಮೇಲೆ ಕಾಗದವಿಟ್ಟು ಉಜ್ಜಿ ತೆಗೆಯುವ ಚಿತ್ರವೇ ಮರದಚ್ಚು ಚಿತ್ರ. ಬಟ್ಟೆಯ ಮೇಲೆ ಹೂವಿನ ಅಚ್ಚು ಒತ್ತುವುದನ್ನು ನೀವು ಕಂಡಿರಬಹುದು. ಅಲ್ಲಿ ಅಚ್ಚನ್ನು ಕೈಯಲ್ಲಿ ಹಿಡಿದು ಬಟ್ಟೆಯ ಮೇಲೆ ಒತ್ತುತ್ತಾರೆ. ಇಲ್ಲಿ ಹಲಗೆ ಕೆಳಗಿರುತ್ತದೆ, ಕಾಗದ ಮೇಲೆ ಬರುತ್ತದೆ.

ಜಪಾನಿನಲ್ಲಿ 17ನೇ ಶತಮಾನದಿಂದ ಬೆಳೆದ ಈ ಕಲೆಗೆ ‘ಉಕಿಯೊ-ಎ’ ಎಂದು ಹೆಸರು. ‘ತೇಲುವ ಲೋಕದ ಚಿತ್ರಗಳು’ ಎಂದು ಇದರ ಅರ್ಥ. ಆರಂಭದಲ್ಲಿ ನಟರು, ಸುಂದರಿಯರು, ಕುಸ್ತಿಪಟುಗಳ ಚಿತ್ರಗಳೇ ಹೆಚ್ಚಾಗಿದ್ದವು. 19ನೇ ಶತಮಾನದಲ್ಲಿ ಊರು, ಬೆಟ್ಟ, ಕಡಲತೀರಗಳ ಚಿತ್ರಗಳಿಗೆ ಬೇಡಿಕೆ ಬಂತು. ಎದೋ ನಗರವನ್ನು (ಇಂದಿನ ಟೋಕಿಯೊ) ಕ್ಯೋತೋ ನಗರಕ್ಕೆ ಸೇರಿಸುವ ‘ತೊಕಾಯ್ದೋ’ ಎಂಬ ಹೆದ್ದಾರಿ ಬಹುಪಾಲು ಕಡಲಂಚಿನಲ್ಲೇ ಹೋಗುತ್ತಿತ್ತು. ಆ ದಾರಿಯಲ್ಲಿ ನಡೆದವರಿಗೂ, ನಡೆಯಬೇಕೆಂದು ಆಸೆಪಟ್ಟವರಿಗೂ ಈ ಚಿತ್ರಗಳು ಬೇಕಾಗಿದ್ದವು. ಒಂದು ಚಿತ್ರದ ಬೆಲೆ ಸುಮಾರು ಒಂದೆರಡು ಬಟ್ಟಲು ನೂಡಲ್ಸ್ ತಿನ್ನುವಷ್ಟು. ಅಂದರೆ ಇವು ಅರಮನೆಯ ಚಿತ್ರಗಳಲ್ಲ, ಸಾಮಾನ್ಯರು ಕೊಂಡು ಮನೆಗೆ ಒಯ್ದ ಚಿತ್ರಗಳು.

2. ನಾಲ್ವರು ಸೇರಿದರೆ ಒಂದು ಚಿತ್ರ

ಒಂದು ಮರದಚ್ಚು ಚಿತ್ರಕ್ಕೆ ನಾಲ್ವರು ಬೇಕು.

ಪ್ರಕಾಶಕ: ಹಣ ಹಾಕುವವನು. ಯಾವ ಚಿತ್ರ ಬೇಕು, ಎಷ್ಟು ಪ್ರತಿ ಬೇಕು ಎಂದು ತೀರ್ಮಾನಿಸುವವನು.

ಚಿತ್ರಕಾರ: ತೆಳು ಕಾಗದದ ಮೇಲೆ ಕಪ್ಪು ಶಾಯಿಯಲ್ಲಿ ರೇಖಾಚಿತ್ರ ಬರೆದು, ಬಣ್ಣಗಳನ್ನು ಸೂಚಿಸುವವನು.

ಕೆತ್ತುವವನು: ಆ ತೆಳು ಕಾಗದವನ್ನು ಚೆರಿ ಮರದ ಹಲಗೆಯ ಮೇಲೆ ಬೋರಲಾಗಿ ಅಂಟಿಸಿ, ರೇಖೆಗಳನ್ನು ಉಳಿಸಿ ಮಿಕ್ಕಿದ್ದನ್ನು ಉಳಿಯಿಂದ ಕೆತ್ತಿ ತೆಗೆಯುವವನು. ಈ ಕೆಲಸದಲ್ಲಿ ಚಿತ್ರಕಾರನ ಮೂಲ ಕಾಗದ ನಾಶವಾಗುತ್ತದೆ. ರೇಖೆಗಳಿಗೆ ಒಂದು ಹಲಗೆ, ಆಮೇಲೆ ಪ್ರತಿ ಬಣ್ಣಕ್ಕೆ ಬೇರೆ ಬೇರೆ ಹಲಗೆ.

ಮುದ್ರಿಸುವವನು: ಹಲಗೆಗೆ ಬಣ್ಣವನ್ನೂ ಸ್ವಲ್ಪ ಅಕ್ಕಿಯ ಅಂಟನ್ನೂ ಕುಂಚದಿಂದ ಹರಡಿ, ತೇವ ಮಾಡಿದ ಕಾಗದವನ್ನು ಮೇಲಿಟ್ಟು, ‘ಬಾರೆನ್’ ಎಂಬ ಗುಂಡನೆಯ ಉಜ್ಜುಗೆಯಿಂದ ಹಿಂಬದಿಯನ್ನು ಉಜ್ಜುವವನು. ಬಾರೆನ್ ಒಳಗೆ ಬಿದಿರಿನ ಹುರಿಯ ಸುರುಳಿ, ಹೊರಗೆ ಬಿದಿರಿನ ಹಾಳೆಯ ಹೊದಿಕೆ ಇರುತ್ತದೆ.

ಹತ್ತು ಹಲಗೆಗಳಾದರೆ ಒಂದೇ ಕಾಗದವನ್ನು ಹತ್ತು ಸಲ ಇಡಬೇಕು. ಒಂದು ಕೂದಲಿನಷ್ಟೂ ಸರಿಯಬಾರದು. ಅದಕ್ಕಾಗಿ ಪ್ರತಿ ಹಲಗೆಯಲ್ಲೂ ಒಂದೇ ಜಾಗದಲ್ಲಿ ಎರಡು ಗುರುತುಗಳನ್ನು ಕೆತ್ತಿರುತ್ತಾರೆ. ಒಂದು ಮೂಲೆಯ ಆಕಾರದ್ದು, ಇನ್ನೊಂದು ನೇರ ಗೆರೆ. ಇವುಗಳಿಗೆ ‘ಕೆಂತೋ’ ಎಂದು ಹೆಸರು. ಕಾಗದದ ಮೂಲೆಯನ್ನು ಒಂದಕ್ಕೆ, ಅಂಚನ್ನು ಇನ್ನೊಂದಕ್ಕೆ ಹೊಂದಿಸಿದರೆ ಬಣ್ಣ ತನ್ನ ಜಾಗದಲ್ಲೇ ಬೀಳುತ್ತದೆ. ನಮ್ಮ ಗೌಂಡಿಗಳು ಗೋಡೆ ಕಟ್ಟುವಾಗ ದಾರ ಕಟ್ಟಿ ಸಾಲು ಹಿಡಿಯುವುದಿಲ್ಲವೇ, ಅದೇ ಬುದ್ಧಿ.

3. ಬೆಳಕು ಎಲ್ಲಿಂದ ಬರುತ್ತದೆ?

ಇದು ಈ ಪಾಠದ ಮುಖ್ಯ ಭಾಗ. ಬೆಳಕು ಎಂಬ ಬಣ್ಣ ಯಾವ ಡಬ್ಬಿಯಲ್ಲೂ ಸಿಗುವುದಿಲ್ಲ. ಹಾಗಾದರೆ ಈ ಚಿತ್ರಗಳಲ್ಲಿ ನೀರು ಹೊಳೆಯುವುದು ಹೇಗೆ? ನಾನು ತಿಳಿದಂತೆ ಇದಕ್ಕೆ ಮೂರು ಉಪಾಯಗಳಿವೆ.

ಮೊದಲನೆಯದು, ಕಾಗದವನ್ನು ಖಾಲಿ ಬಿಡುವುದು. ಅಲೆಯ ನೊರೆ, ಹಿಮ, ಚಂದ್ರ, ದೂರದ ಹಾಯಿಪಟ, ಇವೆಲ್ಲ ಬಹಳ ಕಡೆ ಬಣ್ಣವೇ ತಾಗದ ಬಿಳಿ ಕಾಗದ. ಕೋಜೊ ಎಂಬ ಗಿಡದ ತೊಗಟೆಯ ನಾರಿನಿಂದ ಮಾಡಿದ ಈ ಕಾಗದ ಗಟ್ಟಿ, ಮೃದು. ಬಣ್ಣದಲ್ಲಿ ಎಣ್ಣೆಯಿಲ್ಲ, ನೀರೇ ಇರುವುದು. ಆದ್ದರಿಂದ ಬಣ್ಣ ಕಾಗದದ ಮೇಲೆ ಪೊರೆಯಂತೆ ಕೂರದೆ ನಾರಿನೊಳಗೆ ಇಳಿಯುತ್ತದೆ. ಬೆಳಕು ಆ ತೆಳುಬಣ್ಣವನ್ನು ದಾಟಿ ಬಿಳಿ ನಾರಿಗೆ ತಾಗಿ ಹಿಂದಿರುಗಿ ನಮ್ಮ ಕಣ್ಣಿಗೆ ಬರುತ್ತದೆ. ಚಿತ್ರ ಒಳಗಿನಿಂದ ಬೆಳಗಿದಂತೆ ಕಾಣುವುದು ಇದರಿಂದ.

ಎರಡನೆಯದು, ‘ಬೊಕಾಶಿ’, ಅಂದರೆ ಬಣ್ಣವನ್ನು ಗಾಢದಿಂದ ತಿಳಿಗೆ ಕರಗಿಸುವುದು. ಮುದ್ರಿಸುವವನು ಹಲಗೆಯ ಒಂದು ಭಾಗವನ್ನು ಒದ್ದೆ ಬಟ್ಟೆಯಿಂದ ಒರೆಸುತ್ತಾನೆ. ಕುಂಚದ ಒಂದೇ ತುದಿಗೆ ಬಣ್ಣ ಹಚ್ಚಿ ಎಳೆಯುತ್ತಾನೆ. ಒದ್ದೆಯ ಕಡೆ ಬಣ್ಣ ತಿಳಿಯಾಗುತ್ತ ಹೋಗಿ ಇಲ್ಲವಾಗುತ್ತದೆ. ಆಕಾಶದ ಮೇಲ್ತುದಿಯಲ್ಲಿ ಗಾಢ ನೀಲಿಯ ಪಟ್ಟಿ, ಕೆಳಗೆ ಬಂದಂತೆ ಬಿಳುಪು. ಇದು ಹಲಗೆಯಲ್ಲಿ ಕೆತ್ತಿದ್ದಲ್ಲ. ನೂರು ಪ್ರತಿ ಬೇಕಾದರೆ ನೂರು ಸಲವೂ ಕೈಯಿಂದಲೇ ಒರೆಸಬೇಕು, ಎಳೆಯಬೇಕು. ಆದಕಾರಣ ಒಂದು ಪ್ರತಿಯಂತೆ ಇನ್ನೊಂದು ಪೂರ್ತಿ ಇರುವುದಿಲ್ಲ.

ಈ ಪಟ್ಟಿ ಬರೀ ಅಲಂಕಾರವಲ್ಲ ಎಂಬುದನ್ನು ಭೌತಶಾಸ್ತ್ರ ಓದುವವರು ಗಮನಿಸಿ. ನಿರ್ಮಲವಾದ ದಿನ ಹೊರಗೆ ನಿಂತು ನೋಡಿ. ನೆತ್ತಿಯ ಮೇಲೆ ಆಕಾಶ ಗಾಢ ನೀಲಿ, ದಿಗಂತದ ಬಳಿ ಬೆಳ್ಳಗೆ. ದಿಗಂತದ ಕಡೆಯಿಂದ ಬರುವ ಬೆಳಕು ಹೆಚ್ಚು ದಪ್ಪದ ಗಾಳಿಯನ್ನು ದಾಟಿ, ಮತ್ತೆ ಮತ್ತೆ ಚದುರಿ, ನೀಲಿಯ ಗಾಢತೆಯನ್ನು ಕಳೆದುಕೊಂಡಿರುತ್ತದೆ. ರ‍್ಯಾಲೆ ಚದುರುವಿಕೆಯ ಸೂತ್ರ ತಿಳಿಯದ ಮುದ್ರಕರು ಕಣ್ಣಿನಿಂದಲೇ ಇದನ್ನು ಹಿಡಿದಿದ್ದರು.

ಮೂರನೆಯದು, ಪದರಗಳು. ಒಂದು ತೆಳುಬಣ್ಣದ ಮೇಲೆ ಇನ್ನೊಂದು ತೆಳುಬಣ್ಣ ಒತ್ತಿದರೆ ಆಳ ಬರುತ್ತದೆ. ಹತ್ತಿರದ ನೀರಿಗೆ ಹೆಚ್ಚು ಪದರ, ದೂರದ ನೀರಿಗೆ ಕಡಿಮೆ.

4. ನೀಲಿಯ ಕಥೆ

ಈಗ ನನ್ನ ವಿಷಯಕ್ಕೆ ಬರುತ್ತೇನೆ. ಸಾವಯವ ಸಂಯುಕ್ತದಲ್ಲಿ ನೈಟ್ರೋಜನ್ ಇದೆಯೇ ಎಂದು ತಿಳಿಯಲು ಮಾಡುವ ಲಸ್ಸೇನ್ ಪರೀಕ್ಷೆ ನೆನಪಿದೆಯೇ? ಸೋಡಿಯಂ ಸಾರವನ್ನು ಫೆರಸ್ ಸಲ್ಫೇಟ್ ಜೊತೆ ಕುದಿಸಿ, ಸಲ್ಫ್ಯೂರಿಕ್ ಆಮ್ಲ ಸೇರಿಸಿದಾಗ ಪ್ರನಾಳದಲ್ಲಿ ಒಂದು ಗಾಢ ನೀಲಿ ಬಣ್ಣ ಬರುತ್ತದೆ. ಅದು ಪ್ರಷ್ಯನ್ ನೀಲಿ, ರಾಸಾಯನಿಕವಾಗಿ ಫೆರಿಕ್ ಫೆರೊಸಯನೈಡ್. ಹೊಕುಸಾಯಿಯವರ ಕಡಲಿನ ನೀಲಿಯೂ ಅದೇ.

ಮೊದಲು ಜಪಾನಿನ ಮುದ್ರಕರು ಎರಡು ನೀಲಿಗಳನ್ನು ಬಳಸುತ್ತಿದ್ದರು. ಒಂದು, ಒಂದು ಬಗೆಯ ಕಾಡುಹೂವಿನ ದಳಗಳಿಂದ ತೆಗೆದದ್ದು. ಅದು ಬೆಳಕಿಗೂ ತೇವಕ್ಕೂ ಬೇಗ ಮಾಸುತ್ತಿತ್ತು. ಇನ್ನೊಂದು ಸಸ್ಯಜನ್ಯ ನೀಲ. ಅದು ಬಾಳುತ್ತಿತ್ತು, ಆದರೆ ಸ್ವಲ್ಪ ಮಂಕು. 18ನೇ ಶತಮಾನದ ಆರಂಭದಲ್ಲಿ ಬರ್ಲಿನ್ ನಗರದಲ್ಲಿ ಕೆಂಪು ಬಣ್ಣ ತಯಾರಿಸಲು ಹೊರಟಾಗ ಆಕಸ್ಮಿಕವಾಗಿ ಪ್ರಷ್ಯನ್ ನೀಲಿ ಹುಟ್ಟಿತು. ಆ ಕಾಲದಲ್ಲಿ ಜಪಾನ್ ಹೊರದೇಶಗಳೊಡನೆ ವ್ಯಾಪಾರವನ್ನು ಬಿಗಿಯಾಗಿ ಮಿತಿಗೊಳಿಸಿತ್ತು. ನಾಗಾಸಾಕಿ ಬಂದರಿನಲ್ಲಿ ಡಚ್ಚರು ಮತ್ತು ಚೀನೀಯರ ಹಡಗುಗಳ ಮೂಲಕ ಈ ಬಣ್ಣ ಒಳಬಂತು. ‘ಬೆರೊ-ಆಯ್’, ಅಂದರೆ ಬರ್ಲಿನ್ ನೀಲಿ ಎಂದು ಅಲ್ಲಿನವರು ಕರೆದರು. 1830ರ ಹೊತ್ತಿಗೆ ಬೆಲೆ ಇಳಿದು ಮುದ್ರಕರ ಕೈಗೆ ಧಾರಾಳವಾಗಿ ಸಿಗತೊಡಗಿತು.

ಈ ಬಣ್ಣದ ಗುಣ ಏನೆಂದರೆ, ದಪ್ಪಗೆ ಹಚ್ಚಿದರೆ ನಡುರಾತ್ರಿಯ ನೀಲಿ, ನೀರು ಬೆರೆಸಿದರೆ ಮುಂಜಾವಿನ ತಿಳಿನೀಲಿ. ಬೊಕಾಶಿಗೆ ಇದಕ್ಕಿಂತ ತಕ್ಕ ಬಣ್ಣವಿಲ್ಲ. ಆಳವಾದ ಕಡಲು, ದೂರದ ಕಡಲು, ಎತ್ತರದ ಆಕಾಶ, ಮೂರನ್ನೂ ಒಂದೇ ಬಣ್ಣದಲ್ಲಿ ತೋರಿಸಬಹುದಾಯಿತು. ಕಡಲಿನ ಚಿತ್ರಗಳು 1830ರ ನಂತರ ಅಷ್ಟೊಂದು ಹೆಚ್ಚಿದ್ದಕ್ಕೆ ಈ ನೀಲಿಯೂ ಒಂದು ಕಾರಣ.

ಕಡಲು ಏಕೆ ನೀಲಿ ಎಂಬ ಪ್ರಶ್ನೆಗೆ ಉತ್ತರ ಹುಡುಕಿದವರಲ್ಲಿ ನಮ್ಮವರೂ ಒಬ್ಬರಿದ್ದಾರೆ. 1921ರಲ್ಲಿ ಸಿ. ವಿ. ರಾಮನ್ ಯುರೋಪಿನಿಂದ ಹಡಗಿನಲ್ಲಿ ಹಿಂದಿರುಗುವಾಗ, ನಿಕಾಲ್ ಪ್ರಿಸಂ ಮೂಲಕ ನೀರಿನ ಮೇಲ್ಮೈಯ ಪ್ರತಿಫಲನವನ್ನು ತಡೆದು ನೋಡಿದರು. ಆಗಲೂ ನೀಲಿ ಉಳಿಯಿತು. ಕಡಲಿನ ನೀಲಿ ಆಕಾಶದ ಪ್ರತಿಬಿಂಬ ಮಾತ್ರವಲ್ಲ, ನೀರಿನ ಅಣುಗಳು ಬೆಳಕನ್ನು ಚದುರಿಸುವುದೂ ಕಾರಣ ಎಂದು ತೋರಿಸಿದರು. ಅವರೇ 1933ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ನಿರ್ದೇಶಕರಾಗಿ ಬಂದರು.

5. ಮೂರು ಚಿತ್ರಗಳನ್ನು ಓದೋಣ

ಹೊಕುಸಾಯಿಯವರ ಮಹಾ ಅಲೆ (ಸುಮಾರು 1831). ಕತ್ಸುಶಿಕಾ ಹೊಕುಸಾಯಿ (1760–1849) ಇದನ್ನು ರಚಿಸಿದಾಗ ಅವರ ವಯಸ್ಸು ಎಪ್ಪತ್ತರ ಆಸುಪಾಸು. ‘ಫುಜಿ ಪರ್ವತದ ಮೂವತ್ತಾರು ನೋಟಗಳು’ ಎಂಬ ಮಾಲಿಕೆಯ ಚಿತ್ರವಿದು. ಎಡದಿಂದ ಎದ್ದ ದೊಡ್ಡ ಅಲೆ, ಅದರ ಕೆಳಗೆ ಮೂರು ಉದ್ದನೆಯ ದೋಣಿಗಳು, ದೋಣಿಗಳಲ್ಲಿ ಬಾಗಿ ಕುಳಿತ ಜನ. ನಡುವೆ, ಬಹಳ ದೂರದಲ್ಲಿ, ಪುಟ್ಟ ಫುಜಿ ಪರ್ವತ. ಬೆಳಕನ್ನು ಹೇಗೆ ಇಟ್ಟಿದ್ದಾರೆ ನೋಡಿ. ಸಾಮಾನ್ಯವಾಗಿ ದಿಗಂತ ತಿಳಿಯಾಗಿರುತ್ತದೆ ಎಂದೆ. ಇಲ್ಲಿ ಫುಜಿಯ ಹಿಂದಿನ ಆಕಾಶವೇ ಮಬ್ಬು. ಆ ಮಬ್ಬಿನ ಎದುರು ಪರ್ವತದ ಹಿಮ ಬೆಳಗುತ್ತದೆ. ಹಿಮವೂ ಕಾಗದ, ಅಲೆಯ ನೊರೆಯೂ ಕಾಗದ. ಬಣ್ಣ ತಾಗದ ಈ ಎರಡು ಜಾಗಗಳು ಒಂದನ್ನೊಂದು ನೋಡುತ್ತಿವೆ. ದೋಣಿಯವರ ಜೀವ ಮಾತ್ರ ನೀಲಿಯಲ್ಲಿ ಸಿಕ್ಕಿಕೊಂಡಿದೆ.

ಹಿರೋಶಿಗೆಯವರ ಯುಯಿ (1833–34ರ ಸುಮಾರು). ಉತಗಾವ ಹಿರೋಶಿಗೆ (1797–1858) ತೊಕಾಯ್ದೋ ದಾರಿಯ 53 ತಂಗುದಾಣಗಳನ್ನು, ಆರಂಭ ಮತ್ತು ಕೊನೆಯ ಊರುಗಳನ್ನೂ ಸೇರಿಸಿ 55 ಚಿತ್ರಗಳಾಗಿ ಮಾಡಿದರು. ಯುಯಿ ಎಂಬ ಊರಿನ ಚಿತ್ರದಲ್ಲಿ ಎಡಕ್ಕೆ ಕಡಿದಾದ ಗುಡ್ಡ, ಅದರ ಅಂಚಿನಲ್ಲಿ ಕೆಳಗೆ ಇಣುಕುವ ಪ್ರಯಾಣಿಕರು, ಬಾಗಿದ ಪೈನ್ ಮರಗಳು. ಬಲಕ್ಕೆ ಕೊಲ್ಲಿ, ಹಾಯಿದೋಣಿಗಳು, ಆಚೆ ಬಿಳಿಯ ಫುಜಿ. ಗುಡ್ಡ ಭಾರ, ಕಡಲು ಹಗುರ. ಈ ಭಾರದಿಂದ ಹಗುರಕ್ಕೆ ಕಣ್ಣು ಜಾರುವಾಗಲೇ ಬೆಳಕಿನ ಅನುಭವವಾಗುತ್ತದೆ. ಬಿಸಿಲನ್ನು ತೋರಿಸಲು ಅವರು ಸೂರ್ಯನನ್ನು ಬರೆಯಲೇ ಇಲ್ಲ.

ಯೋಶಿದಾ ಅವರ ಹಾಯಿದೋಣಿಗಳು (1926). ಮೂರನೆಯ ಚಿತ್ರಕ್ಕೆ ಮೊದಲು ಒಂದು ದುರಂತದ ವಿಷಯ ತಿಳಿಯಬೇಕು. 20ನೇ ಶತಮಾನದ ಆರಂಭಕ್ಕೆ ಛಾಯಾಚಿತ್ರ ಮತ್ತು ಯಂತ್ರಮುದ್ರಣದಿಂದ ಮರದಚ್ಚಿನ ಕೆಲಸ ಕ್ಷೀಣಿಸಿತ್ತು. ಟೋಕಿಯೊದ ಪ್ರಕಾಶಕ ವತನಾಬೆ ಶೋಜಾಬುರೋ (1885–1962) ಹಳೆಯ ಕುಶಲಕರ್ಮಿಗಳನ್ನು ಹೊಸ ಚಿತ್ರಕಾರರ ಜೊತೆ ಸೇರಿಸಿ ಅದಕ್ಕೆ ಮತ್ತೆ ಜೀವ ಕೊಟ್ಟರು. ಕವಾಸೆ ಹಸುಯಿ (1883–1957), ಯೋಶಿದಾ ಹಿರೋಶಿ (1876–1950) ಮೊದಲಾದವರು ಅವರಿಗಾಗಿ ಚಿತ್ರ ಮಾಡಿದರು. 1923ರ ಸೆಪ್ಟೆಂಬರ್ 1ರಂದು ಕಾಂತೋ ಪ್ರದೇಶದಲ್ಲಿ ಮಹಾ ಭೂಕಂಪವಾಯಿತು. ಅದರ ಹಿಂದೆಯೇ ಹಬ್ಬಿದ ಬೆಂಕಿಯೂ ಸೇರಿ ಒಂದು ಲಕ್ಷಕ್ಕೂ ಹೆಚ್ಚು ಜನ ಸತ್ತರು. ವತನಾಬೆಯವರ ಅಂಗಡಿ, ಚಿತ್ರಗಳು, ಕೆತ್ತಿದ ಹಲಗೆಗಳು ಸುಟ್ಟುಹೋದವು. ಹಸುಯಿ ವರ್ಷಗಳಿಂದ ಊರೂರು ತಿರುಗಿ ತುಂಬಿಸಿದ ರೇಖಾಚಿತ್ರದ ಪುಸ್ತಕಗಳೂ ಬೂದಿಯಾದವು.

ಇವರು ಕೆಲಸ ಬಿಡಲಿಲ್ಲ. ಹಸುಯಿ ಮತ್ತೆ ಪುಸ್ತಕ ಹಿಡಿದು ಪ್ರವಾಸಕ್ಕೆ ಹೊರಟರು. ಯೋಶಿದಾ 1921ರಲ್ಲಿ ಒಮ್ಮೆ ಮಾಡಿದ್ದ ಹಾಯಿದೋಣಿಗಳ ವಿಷಯವನ್ನೇ 1926ರಲ್ಲಿ ತಮ್ಮ ಸ್ವಂತ ಕಾರ್ಯಾಗಾರದಲ್ಲಿ ಹೊಸದಾಗಿ ಮಾಡಿದರು. ಸೇತೋ ಒಳಸಮುದ್ರದ ಮೇಲೆ ಹಾಯಿದೋಣಿಗಳು. ಬಹುಮಟ್ಟಿಗೆ ಅವೇ ಹಲಗೆಗಳು, ಅದೇ ದೋಣಿ, ಅದೇ ರೇಖೆ. ಆದರೆ ಬಣ್ಣ ಬದಲಿಸಿ ಆರು ಚಿತ್ರ ತೆಗೆದರು: ಮುಂಜಾನೆ, ಹೊತ್ತೇರಿದ ಮೇಲೆ, ಮಧ್ಯಾಹ್ನ, ಮಂಜು, ಸಂಜೆ, ರಾತ್ರಿ. ಮುಂಜಾನೆಯಲ್ಲಿ ನೀರಿನ ಮೇಲೆ ಬಂಗಾರದ ಛಾಯೆ. ಮಂಜಿನಲ್ಲಿ ಹಿಂದಿನ ದೋಣಿಗಳು ಕರಗಿವೆ. ರಾತ್ರಿಯಲ್ಲಿ ಎಲ್ಲವೂ ಗಾಢ. ಆರನ್ನೂ ಒಟ್ಟಿಗೆ ಇಟ್ಟು ನೋಡಿದರೆ ಬದಲಾಗಿದ್ದು ದೋಣಿಯಲ್ಲ, ಹೊತ್ತು ಎಂದು ತಿಳಿಯುತ್ತದೆ. ಒಂದೇ ಜಾಗದಲ್ಲಿ ನಿಂತವನಿಗೂ ಆರು ಚಿತ್ರ ಸಿಗುತ್ತದೆ ಎಂಬುದು ಇದರ ಪಾಠ.

6. ಹೆಸರಿಲ್ಲದವರು

ಈಗ ಆರಂಭದ ಪ್ರಶ್ನೆ. ಈ ಬೆಳಕನ್ನು ಮಾಡಿದವರು ಯಾರು? ಮಹಾ ಅಲೆಯ ಮೇಲೆ ಹೊಕುಸಾಯಿಯವರ ಹೆಸರಿದೆ. ಅಲೆಯ ನೊರೆಯ ಬೆರಳುಗಳನ್ನು ಮರದಲ್ಲಿ ಕೆತ್ತಿದವನ ಹೆಸರಿಲ್ಲ. ಫುಜಿಯ ಹಿಂದೆ ಮಬ್ಬನ್ನು ಎಳೆದ ಮುದ್ರಕನ ಹೆಸರಿಲ್ಲ. ಹಳೆಯ ಚಿತ್ರಗಳಲ್ಲಿ ಬಹುಪಾಲು ಹೀಗೆಯೇ. ಆದರೆ ನಾವು ನೋಡಿದಂತೆ, ಬೊಕಾಶಿ ಇರುವುದು ಮುದ್ರಕನ ಮಣಿಕಟ್ಟಿನಲ್ಲಿ. ಆತ ಒದ್ದೆ ಬಟ್ಟೆಯನ್ನು ಒಂದಿಷ್ಟು ಹೆಚ್ಚು ಒರೆಸಿದರೆ ಬೆಳಗು ಸಂಜೆಯಾಗುತ್ತದೆ.

ಯೋಶಿದಾ ಇದನ್ನು ಚೆನ್ನಾಗಿ ಅರಿತಿದ್ದರು. ಎಣ್ಣೆಬಣ್ಣದ ಚಿತ್ರಕಾರರಾಗಿ ಹೆಸರು ಮಾಡಿದ ಮೇಲೆ, ನಡುವಯಸ್ಸಿನಲ್ಲಿ, ಕೆತ್ತುವುದನ್ನೂ ಮುದ್ರಿಸುವುದನ್ನೂ ಕಲಿತರು. ತಮ್ಮ ಕಣ್ಣೆದುರೇ ಮುದ್ರಣವಾದ ಚಿತ್ರಗಳ ಅಂಚಿಗೆ ‘ಜಿಜೂರಿ’, ಅಂದರೆ ‘ಸ್ವತಃ ಮುದ್ರಿಸಿದ್ದು’ ಎಂಬ ಮುದ್ರೆ ಒತ್ತುತ್ತಿದ್ದರು. ಒಂದು ಚಿತ್ರಕ್ಕೆ ಮೂವತ್ತಕ್ಕೂ ಹೆಚ್ಚು ಸಲ ಬಣ್ಣ ಒತ್ತಿಸಿದ್ದೂ ಉಂಟು.

ನಿಮ್ಮಲ್ಲಿ ಅನೇಕರ ತಂದೆಯವರು ಗೌಂಡಿಗಳು, ಬಡಗಿಗಳು, ದರ್ಜಿಗಳು, ಹೊಲದಲ್ಲಿ ದುಡಿಯುವವರು. ಫಾರಂ ತುಂಬುವಾಗ ‘ತಂದೆಯ ಉದ್ಯೋಗ’ ಎಂಬಲ್ಲಿ ಕೂಲಿ ಎಂದು ಬರೆಯಲು ಕೆಲವರು ಹಿಂದೆಮುಂದೆ ನೋಡುವುದನ್ನು ನಾನು ಕಂಡಿದ್ದೇನೆ. ಇಂದು ಜಗತ್ತಿನ ದೊಡ್ಡ ದೊಡ್ಡ ಸಂಗ್ರಹಾಲಯಗಳು ಗಾಜಿನೊಳಗೆ ಇಟ್ಟು ಕಾಯುವ ಬೆಳಕು, ದಿನಗೂಲಿಯವರಂತೆ ನೆಲದ ಮೇಲೆ ಕುಳಿತು ದುಡಿದ ಕೈಗಳದ್ದು. ಕೈಕೆಲಸದಲ್ಲಿ ಬುದ್ಧಿಯಿಲ್ಲ ಎಂದು ಯಾರಾದರೂ ಹೇಳಿದರೆ ಈ ಚಿತ್ರಗಳನ್ನು ತೋರಿಸಿ.

7. ಈ ಬೆಳಕು ನಮ್ಮ ದೇಶಕ್ಕೆ ಬಂದ ದಾರಿ

1903ರಲ್ಲಿ ಯೋಕೊಯಾಮ ತಾಯ್ಕಾನ್ ಮತ್ತು ಹಿಶಿದಾ ಶುನ್ಸೋ ಎಂಬ ಇಬ್ಬರು ಜಪಾನಿ ಚಿತ್ರಕಾರರು ಕಲ್ಕತ್ತಕ್ಕೆ ಬಂದರು. ಇವರು ಮರದಚ್ಚಿನವರಲ್ಲ, ಕುಂಚದವರು. ಆದರೆ ಬಣ್ಣವನ್ನು ನೀರಿನಲ್ಲಿ ಕರಗಿಸಿ ಮಂಜು ಮತ್ತು ಬೆಳಕು ತೋರಿಸುವ ದೃಷ್ಟಿ ಒಂದೇ. ಅವರ ಕೆಲಸ ನೋಡಿದ ಅವನೀಂದ್ರನಾಥ ಠಾಕೂರರು ತಮ್ಮ ‘ವಾಶ್’ ಪದ್ಧತಿಯನ್ನು ಬೆಳೆಸಿಕೊಂಡರು. ಅವನೀಂದ್ರನಾಥರ ಬಳಿ ಕಲಿತವರಲ್ಲಿ ಮೈಸೂರಿನ ಕೆ. ವೆಂಕಟಪ್ಪ (1886–1965) ಒಬ್ಬರು. ಮುಂದೆ ಅವರು ಊಟಿ, ಕೊಡೈಕೆನಾಲ್ ಬೆಟ್ಟಗಳ ಮಂಜು, ಮೋಡ, ಬಿಸಿಲುಗಳನ್ನು ಜಲವರ್ಣದಲ್ಲಿ ಹಿಡಿದರು. ಬೆಂಗಳೂರಿಗೆ ಹೋದಾಗ ಕಸ್ತೂರ ಬಾ ರಸ್ತೆಯಲ್ಲಿ ಅವರ ಹೆಸರಿನ ಕಲಾ ಗ್ಯಾಲರಿ ಇದೆ, ಮರೆಯಬೇಡಿ.

ಯೋಶಿದಾ ಅವರೂ 1930–31ರಲ್ಲಿ ಮಗನೊಡನೆ ಭಾರತ ಸುತ್ತಿದರು. ತಾಜಮಹಲನ್ನು ಬೆಳಗಿನ ಮಂಜಿನಲ್ಲೂ ರಾತ್ರಿಯಲ್ಲೂ, ಹೀಗೆ ಬೇರೆ ಬೇರೆ ಹೊತ್ತಿನಲ್ಲಿ ಅಚ್ಚು ಮಾಡಿದರು. ಫತೇಪುರ್ ಸಿಕ್ರಿಯ ಚಿತ್ರದಲ್ಲಿ ಹೊರಗಿನ ಬಿಸಿಲು ಒಳಗಿನ ಕಲ್ಲಿಗೆ ತಾಗಿ ಇಡೀ ಕೋಣೆ ಹೊಂಬಣ್ಣವಾಗಿದೆ. ಕಡಲಿನ ಮೇಲೆ ಕಲಿತ ಬೆಳಕನ್ನು ಅವರು ಕಲ್ಲಿನ ಮೇಲೂ ಕಂಡರು. ಅಂಥ ಬೆಳಕು ನಮ್ಮ ಜಿಲ್ಲೆಯಲ್ಲೂ ಇದೆ. 1367ರಲ್ಲಿ ಕಟ್ಟಿದ ಕಲಬುರಗಿ ಕೋಟೆಯ ಜಾಮಿ ಮಸೀದಿಗೆ ತೆರೆದ ಅಂಗಳವಿಲ್ಲ, ಪೂರ್ತಿ ಚಾವಣಿ. ಬೆಳಕು ಬದಿಯ ಕಮಾನುಗಳಿಂದ ಒಳಬಂದು ಸಾಲು ಸಾಲು ಕಂಬಗಳ ನಡುವೆ ತಿಳಿಯಾಗುತ್ತ ಹೋಗುತ್ತದೆ. ಅಲ್ಲಿ ನಿಂತರೆ ಬೊಕಾಶಿ ಎಂದರೇನೆಂದು ಬೇರೆ ವಿವರಣೆ ಬೇಡ.

8. ಅಭ್ಯಾಸ

‘ನಮ್ಮೂರಾಗ ಚಿತ್ರ ತೆಗೀಲಿಕ್ಕೆ ಏನದ್ರಿ ಸರ್, ಬರೇ ಹೊಲ, ಬಿಸಲು’ ಎಂದು ಹೇಳುವವರಿಗಾಗಿ ಈ ಕೆಲಸ.

ಒಂದು, ಒಂದೇ ಜಾಗ ಆರಿಸಿಕೊಳ್ಳಿ. ಮನೆಯ ಮಾಳಿಗೆಯಾಗಲಿ, ತೊಗರಿ ಹೊಲದ ಬದುವಾಗಲಿ, ಗಾಣಗಾಪುರದ ಭೀಮಾ–ಅಮರ್ಜಾ ಸಂಗಮವಾಗಲಿ. ಒಂದೇ ದಿನ ಮುಂಜಾನೆ, ಮಧ್ಯಾಹ್ನ, ಸಂಜೆ ನೋಡಿ, ಆಕಾಶದ ಮೇಲ್ಭಾಗ ಮತ್ತು ದಿಗಂತದ ಬಣ್ಣವನ್ನು ಮೂರು ಸಾಲಿನಲ್ಲಿ ಬರೆಯಿರಿ.

ಎರಡು, ಡ್ರಾಯಿಂಗ್ ಹಾಳೆಯ ಅರ್ಧ ಭಾಗವನ್ನು ನೀರಿನಿಂದ ಒದ್ದೆ ಮಾಡಿ. ಒಣ ಭಾಗದ ಅಂಚಿನಿಂದ ನೀಲಿ ಜಲವರ್ಣವನ್ನು ಒಂದೇ ಎಳೆತದಲ್ಲಿ ಒದ್ದೆಯ ಕಡೆಗೆ ಎಳೆಯಿರಿ. ಹತ್ತು ಸಲ ಮಾಡಿ. ಹತ್ತೂ ಒಂದೇ ತರಹ ಬಂದವೇ?

ಮೂರು, ಉತ್ತರಿಸಿ:
ಕಡಲಿನ ಚಿತ್ರಗಳಿಗೆ ಪ್ರಷ್ಯನ್ ನೀಲಿ ಹಳೆಯ ಎರಡು ನೀಲಿಗಳಿಗಿಂತ ಏಕೆ ಅನುಕೂಲವಾಯಿತು?
ಕೆಂತೋ ಗುರುತು ಇಲ್ಲದಿದ್ದರೆ ಚಿತ್ರ ಏನಾಗುತ್ತಿತ್ತು?
ಮಹಾ ಅಲೆಯಲ್ಲಿ ದಿಗಂತದ ಆಕಾಶ ಮಬ್ಬಾಗಿರುವುದರಿಂದ ಆದ ಪರಿಣಾಮವೇನು?
ನಿಮ್ಮ ಊರಿನ ಯಾವ ಕೈಕೆಲಸದಲ್ಲಿ, ಮಾಡಿದವರ ಹೆಸರು ಉಳಿಯದೆ ಕೆಲಸ ಮಾತ್ರ ಉಳಿದಿದೆ? ಅವರ ಹೆಸರನ್ನು ಕೇಳಿ ಬರೆದುಕೊಂಡು ಬನ್ನಿ.

ಉತ್ತರಗಳನ್ನೂ ಚಿತ್ರಗಳನ್ನೂ ತಿಂಗಳ ಕೊನೆಯೊಳಗೆ ಪ್ರಯೋಗಾಲಯದಲ್ಲಿ ನನ್ನ ಕೈಗೆ ಕೊಡಿ. ಚಿತ್ರ ಚೆನ್ನಾಗಿ ಬಂದಿಲ್ಲವೆಂದು ಯಾರೂ ಹಿಂಜರಿಯಬೇಡಿ.